ಅಳತೆಗೋಲು ಯಾರ ಕೈಯಲ್ಲಿ?

ಕೆಲವು ವರ್ಷಗಳ ಹಿಂದೆ ನಮ್ಮ ಚಿಕ್ಕಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಗರ್ಭಕಂಠದ ಕ್ಯಾನ್ಸರ್. ಐದು ವಾರ, ವಾರಕ್ಕೆ ಐದು ದಿನ ‘ಕರೆಂಟು ಕೊಡಬೇಕು’ ಎಂದಿದ್ದರು. ಊರಿನಿಂದ ಓಡಾಡಲು ಆಗದ್ದರಿಂದ ಚಿಕ್ಕಮ್ಮ ನಮ್ಮ ಮನೆಯಲ್ಲೇ ಇದ್ದರು. ದಿನವೂ ಒಳಗೆ ಕರೆಯುವ ಮುನ್ನ ನರ್ಸ್ ಒಬ್ಬರು ಹಾಳೆ ಹಿಡಿದು ಬರುತ್ತಿದ್ದರು.

“ಅಮ್ಮ, ನೋವು ಹತ್ತಕ್ಕೆ ಎಷ್ಟಿದೆ?”

“ನಿನ್ನೆಗಿಂತ ವಾಸಿ ಕಣವ್ವ.”

“ಹಾಗಲ್ಲಮ್ಮ, ನಂಬರ್ ಹೇಳಿ.”

ಚಿಕ್ಕಮ್ಮ ನನ್ನ ಮುಖ ನೋಡುತ್ತಿದ್ದರು. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಅಂದಾಜಿಗೆ “ನಾಲ್ಕು ಅಂತ ಬರ್ಕೊಳಿ ಸಿಸ್ಟರ್” ಎನ್ನುತ್ತಿದ್ದೆ. ಹೀಗೆ ಮೂರು ವಾರ ಚಿಕ್ಕಮ್ಮನ ನೋವು ನಾಲ್ಕಾಗಿಯೇ ಉಳಿಯಿತು. ಆ ಅಂಕಿ ಚಿಕ್ಕಮ್ಮನದಲ್ಲ, ನನ್ನದು ಎಂಬುದು ಆ ಹಾಳೆಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಮೂರನೆಯ ವಾರದ ಗುರುವಾರ ಚಿಕ್ಕಮ್ಮ ಇದ್ದಕ್ಕಿದ್ದಂತೆ, “ಸಾಕು, ನಾಳಿಂದ ನಾನು ಬರಾಕಿಲ್ಲ, ಊರಿಗೆ ಕಳಿಸಿಬಿಡು” ಎಂದರು. ನಾನು ಬೈದೆ, ಬೇಡಿಕೊಂಡೆ. ವೈದ್ಯರು ಮಧ್ಯೆ ಬಿಟ್ಟರೆ ಏನಾಗುತ್ತದೆ ಎಂದು ಚಿತ್ರ ಬರೆದು ತಿಳಿಸಿದರು. ಚಿಕ್ಕಮ್ಮ ಎಲ್ಲಕ್ಕೂ ತಲೆಯಾಡಿಸಿ, ಮತ್ತೆ ಅದೇ ಮಾತು ಹೇಳಿದರು. ಕೊನೆಗೆ ನೆಲ ಒರೆಸುತ್ತಿದ್ದ ಆಯಾ ಒಬ್ಬರು ಕಡ್ಡಿ ಗೋಡೆಗೆ ಒರಗಿಸಿ ಪಕ್ಕದಲ್ಲಿ ಬಂದು ಕೂತರು. ಅವರೂ ನಮ್ಮ ಕಡೆಯವರೇ, ಪಕ್ಕದ ಹೋಬಳಿಯವರು. “ಅಕ್ಕಾ, ಮನೇಲಿ ದನ ಕಟ್ಕಂಡಿದೀರಾ?” ಎಂದು ಕೇಳಿದರು. ಚಿಕ್ಕಮ್ಮನ ಕಣ್ಣಲ್ಲಿ ನೀರು ಬಂತು. ಹಸು ತುಂಬು ಗಬ್ಬ, ಇನ್ನೆರಡು ದಿನಕ್ಕೋ ಮೂರು ದಿನಕ್ಕೋ ಈಯುವುದರಲ್ಲಿದೆ, ಮನೆಯಲ್ಲಿ ಚಿಕ್ಕಪ್ಪನೊಬ್ಬರೇ, ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಡೈರಿಗೆ ಹಾಕುವ ಹಾಲೇ ಮನೆಯ ಬದುಕು. ಅಷ್ಟು ದಿನ ಜೊತೆಗಿದ್ದ ನನಗೆ ಇದು ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ.

ಆಯಾ ಒಳಗೆ ಹೋಗಿ ಯಾರ ಹತ್ತಿರ ಏನು ಮಾತಾಡಿದರೋ, ಶುಕ್ರವಾರ ಚಿಕ್ಕಮ್ಮನ ಸರದಿ ಬೆಳಿಗ್ಗೆ ಮೊದಲಿಗೇ ಬಂತು. ಹನ್ನೊಂದರ ಬಸ್ಸಿಗೆ ಊರಿಗೆ ಹೋದವರು ಸೋಮವಾರ ವಾಪಸ್ ಬಂದರು. ಚಿಕಿತ್ಸೆ ಮುಗಿಸಿದರು.

ಅಂದು ಚಿಕ್ಕಮ್ಮ ಊರಿಗೆ ಹೋಗಿ ಉಳಿದುಬಿಟ್ಟಿದ್ದರೆ ಕಡತದಲ್ಲಿ ಏನು ಬರೆಯುತ್ತಿದ್ದರು? ಚಿಕಿತ್ಸೆ ಮಧ್ಯೆ ಬಿಟ್ಟವರು ಒಂದು. ಕಾರಣ: ತಿಳಿವಳಿಕೆಯ ಕೊರತೆ. ಕೊರತೆ ಇದ್ದದ್ದು ನಿಜ, ಅದು ಯಾರಲ್ಲಿತ್ತು ಎಂಬುದಷ್ಟೇ ಪ್ರಶ್ನೆ. ಇನ್ನೊಬ್ಬರ ನೋವನ್ನು, ಬದುಕನ್ನು ಅಳೆಯುವ ಹಕ್ಕು ಯಾರಿಗಿದೆ, ಅಳೆಯುವವರು ಯಾರಿಗೆ ಉತ್ತರ ಕೊಡಬೇಕು ಎಂದು ಯೋಚಿಸಿದಾಗೆಲ್ಲ ನನಗೆ ಆ ಹಾಳೆಯೂ ಆ ಆಯಾ ಅವರೂ ಒಟ್ಟಿಗೆ ನೆನಪಾಗುತ್ತಾರೆ. ಈ ಪ್ರಶ್ನೆಯನ್ನು ತಮ್ಮ ವೃತ್ತಿಬದುಕನ್ನಾಗಿಯೇ ಮಾಡಿಕೊಂಡ ಇಬ್ಬರು ಸಂಶೋಧಕಿಯರು ಆಸ್ಟ್ರೇಲಿಯಾದಲ್ಲಿದ್ದಾರೆ. ಅವರ ಕೆಲಸದ ತೂಕ ಅರ್ಥವಾಗಬೇಕಾದರೆ ಮೊದಲು ಒಂದು ಹಳೆಯ ಕಥೆ ಹೇಳಬೇಕು.

*

ಆಸ್ಟ್ರೇಲಿಯಾದ ಉತ್ತರ ತುದಿಗೂ ನ್ಯೂ ಗಿನಿಗೂ ನಡುವೆ ಟೊರೆಸ್ ಜಲಸಂಧಿ ಇದೆ. ಅದರ ತುಂಬ ಪುಟ್ಟ ಪುಟ್ಟ ದ್ವೀಪಗಳು. 1898ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಆಲ್ಫ್ರೆಡ್ ಹ್ಯಾಡನ್ ಎಂಬ ವಿದ್ವಾಂಸರ ನೇತೃತ್ವದ ತಂಡವೊಂದು ಅಲ್ಲಿಗೆ ಹೋಯಿತು. ಪೂರ್ವದ ಮೇರ್ ದ್ವೀಪದಲ್ಲಿ ಕೆಲವು ತಿಂಗಳು, ಪಶ್ಚಿಮದ ಮಾಬುಯಾಗ್ ದ್ವೀಪದಲ್ಲಿ ಕೆಲವು ವಾರ ಕೆಲಸ ಮಾಡಿತು. ಪೆಟ್ಟಿಗೆಗಳಲ್ಲಿ ಕ್ಯಾಮೆರಾ, ಧ್ವನಿಮುದ್ರಣ ಯಂತ್ರದ ಜೊತೆಗೆ ಮನುಷ್ಯರ ಇಂದ್ರಿಯಗಳನ್ನು ಅಳೆಯುವ ಉಪಕರಣಗಳೂ ಇದ್ದವು. ದ್ವೀಪದ ಜನರ ದೃಷ್ಟಿ ಎಷ್ಟು ದೂರ ಹೋಗುತ್ತದೆ, ಬಣ್ಣಗಳನ್ನು ಹೇಗೆ ಗುರುತಿಸುತ್ತಾರೆ, ಕಿವಿ ಎಷ್ಟು ಚುರುಕು, ಎಲ್ಲವನ್ನೂ ಅಳೆದರು. ನೋವನ್ನೂ ಅಳೆದರು.

ನೋವನ್ನು ಅಳೆದವರು ವಿಲಿಯಂ ಮೆಕ್‌ಡೂಗಲ್. ಚರ್ಮವನ್ನು ಉಪಕರಣದಿಂದ ಒತ್ತುತ್ತ ಹೋಗುವುದು, ನೋವು ಶುರುವಾದ ತಕ್ಷಣ ಆ ಮನುಷ್ಯ ಹೇಳಬೇಕು. ಮೇರ್ ದ್ವೀಪದವರ ಸ್ಪರ್ಶ ಇಂಗ್ಲಿಷರಿಗಿಂತ ಎರಡರಷ್ಟು ಸೂಕ್ಷ್ಮ, ಆದರೆ ನೋವಿನ ಸಂವೇದನೆ ಅವರ ಅರ್ಧದಷ್ಟೂ ಇಲ್ಲ ಎಂಬ ತೀರ್ಮಾನಕ್ಕೆ ಅವರು ಬಂದರು. ಇದೇ ತಂಡದ ವರದಿಯಲ್ಲಿ ಇನ್ನೊಂದು ಸಂಗತಿಯೂ ದಾಖಲಾಗಿದೆ. ಜನರನ್ನು ಪರೀಕ್ಷೆಗೆ ಹುರಿದುಂಬಿಸಲು, ‘ಕರಿಯರು ಬಿಳಿಯರಿಗಿಂತ ಚೆನ್ನಾಗಿ ನೋಡುತ್ತಾರೆ, ಕೇಳುತ್ತಾರೆ ಎಂದು ಕೆಲವರು ಹೇಳುತ್ತಾರೆ, ನೀವು ಎಷ್ಟು ಜಾಣರೆಂದು ನೋಡಲು ಬಂದಿದ್ದೇವೆ, ಎಲ್ಲವನ್ನೂ ದೊಡ್ಡ ಪುಸ್ತಕದಲ್ಲಿ ಬರೆಯುತ್ತೇವೆ’ ಎಂಬರ್ಥದ ಮಾತುಗಳನ್ನು ಆಡಲಾಗಿತ್ತು. ಪಂದ್ಯ ಎಂದು ಕೂರಿಸಿದ ಮೇಲೆ ಯಾವ ಗಂಡಸು ಮೊದಲೇ ‘ಅಯ್ಯೋ’ ಎನ್ನುತ್ತಾನೆ? ಅಳತೆ ನಡೆದದ್ದು ನೋವಿನದೋ ಮರ್ಯಾದೆಯದೋ ಎಂದು ನನಗೆ ಅನುಮಾನ. ಚಿಕ್ಕಮ್ಮನ ‘ನಾಲ್ಕು’ ಹೇಗೆ ಅವರ ನೋವಾಗಿರಲಿಲ್ಲವೋ ಹಾಗೆಯೇ ಮೇರ್ ದ್ವೀಪದವರ ‘ಅರ್ಧ’ವೂ ಅವರ ನೋವಾಗಿರಲಿಕ್ಕಿಲ್ಲ. ಆದರೆ ಪುಸ್ತಕದಲ್ಲಿ ಉಳಿಯುವುದು ಅಂಕಿ. ಇವರಿಗೆ ನೋವು ಕಡಿಮೆ ಎಂದು ಒಮ್ಮೆ ನಂಬಿದ ಜಗತ್ತು ಅವರಿಗೆ ಕೊಡುವ ಔಷಧಿಯಲ್ಲಿ, ತೋರುವ ಕರುಣೆಯಲ್ಲಿ ಎಷ್ಟು ಕಡಿತ ಮಾಡಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಈ ತಂಡವನ್ನು ಖಳರೆಂದು ಚಿತ್ರಿಸಿದರೆ ಅನ್ಯಾಯವಾಗುತ್ತದೆ. ಅದರಲ್ಲಿದ್ದ ಡಬ್ಲ್ಯು. ಎಚ್. ಆರ್. ರಿವರ್ಸ್ ದ್ವೀಪದ ಜನರ ವಂಶಾವಳಿಗಳನ್ನು ಬರೆದುಕೊಂಡರು. ಬರವಣಿಗೆಯಿಲ್ಲದ ಜನ ಎಷ್ಟೋ ತಲೆಮಾರುಗಳ ನಂಟನ್ನು ಬಾಯಲ್ಲೇ ಇಟ್ಟುಕೊಂಡಿರುವುದನ್ನು ಕಂಡು ಬೆರಗಾದರು. ಅಲ್ಲಿ ಕಲಿತ ವಿಧಾನವನ್ನೇ ಹಿಡಿದುಕೊಂಡು 1901-02ರಲ್ಲಿ ಅವರು ಬಂದದ್ದು ನಮ್ಮ ಗಡಿಯಾಚೆಯ ನೀಲಗಿರಿಗೆ, ತೊದವರ ನಡುವೆ. 1906ರಲ್ಲಿ ಹೊರಬಂದ ಅವರ ತೊದವರ ಕುರಿತ ಪುಸ್ತಕ ಇಂದಿಗೂ ಮಾನವಶಾಸ್ತ್ರದ ವಿದ್ಯಾರ್ಥಿಗಳ ಓದಿನಲ್ಲಿದೆ. ದೂರದ ಸಮುದ್ರದಲ್ಲಿ ರೂಪುಗೊಂಡ ಪ್ರಶ್ನಾವಳಿ ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರ ನೆರೆಯವರ ಅಂಗಳಕ್ಕೂ ಬಂದಿತ್ತು ಎಂಬುದು ನಾವು ನೆನಪಿಡಬೇಕಾದ ನಂಟು.

ಇನ್ನೂ ಒಂದು ತಿರುವಿದೆ. ಮೇರ್ ದ್ವೀಪದ ಎಡ್ಡಿ ಮಾಬೊ ಮತ್ತು ಸಂಗಾತಿಗಳು ‘ಈ ನೆಲ ನಮ್ಮದು’ ಎಂದು 1982ರಲ್ಲಿ ನ್ಯಾಯಾಲಯಕ್ಕೆ ಹೋದಾಗ ಹ್ಯಾಡನ್ ತಂಡದ ವರದಿಗಳೂ ಸಾಕ್ಷ್ಯವಾಗಿ ಬಳಕೆಯಾದವು. 1992ರ ಜೂನ್ 3ರಂದು ಆಸ್ಟ್ರೇಲಿಯಾದ ಹೈಕೋರ್ಟ್, ಬಿಳಿಯರು ಬರುವ ಮುನ್ನ ಆ ನೆಲ ಯಾರಿಗೂ ಸೇರಿರಲಿಲ್ಲ ಎಂಬ ಇನ್ನೂರು ವರ್ಷದ ಸುಳ್ಳನ್ನು ತಳ್ಳಿಹಾಕಿತು. ಹೊರಗಿನವರು ತಮ್ಮ ಕುತೂಹಲಕ್ಕೆ ಬರೆದುಕೊಂಡ ವಂಶಾವಳಿ ಮೊಮ್ಮಕ್ಕಳ ಕೈಯಲ್ಲಿ ಹಕ್ಕುಪತ್ರಕ್ಕೆ ಆಧಾರವಾಯಿತು. ಹಾಗಾಗಿ ಲೆಕ್ಕವೇ ಕೆಟ್ಟದ್ದು, ಬರೆದುಕೊಳ್ಳುವುದೇ ಶೋಷಣೆ ಎಂದು ಒಂದೇ ಮಾತಿನಲ್ಲಿ ಮುಗಿಸುವಂತಿಲ್ಲ. ಆ ತೀರ್ಪು ಕೇಳಲು ಮಾಬೊ ಬದುಕಿರಲಿಲ್ಲ. ಐದು ತಿಂಗಳ ಮೊದಲು, ಜನವರಿಯಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡಿದ್ದರು.

*

ಲೀಸಾ ವಾಪ್ ಟೊರೆಸ್ ಜಲಸಂಧಿಯ ಮೂಲದ ಸಂಶೋಧಕಿ. ಅವರ ಪೂರ್ವಿಕರ ನೆಲ ಅದೇ ಮಾಬುಯಾಗ್. ಅಳೆಯಿಸಿಕೊಂಡವರ ಕುಲದ ಹೆಣ್ಣುಮಗಳು ಅಳೆಯುವವಳಾದದ್ದು ಅವರ ವೃತ್ತಿಬದುಕಿನ ಒಂದು ಸಾಲಿನ ಸಾರಾಂಶ. ಬ್ರಿಸ್ಬೇನಿನಲ್ಲಿ ಮೆನ್ಜೀಸ್ ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಅವರು ಕೈಹಾಕಿದ್ದು ಗರ್ಭಕಂಠದ ಕ್ಯಾನ್ಸರಿನ ಲೆಕ್ಕಕ್ಕೆ.

ಈ ಕ್ಯಾನ್ಸರ್ ವಿಷಯದಲ್ಲಿ ಆಸ್ಟ್ರೇಲಿಯಾ ಜಗತ್ತಿಗೇ ಮಾದರಿ ಎನ್ನುತ್ತಾರೆ. 1991ರಲ್ಲಿ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮ ಶುರುವಾದ ಮೇಲೆ ರೋಗವೂ ಸಾವೂ ಅರ್ಧಕ್ಕಿಳಿದವು. ಆದರೆ ಮೂಲನಿವಾಸಿ ಮಹಿಳೆಯರಲ್ಲಿ ಈ ರೋಗ ಇತರರ ಎರಡು ಪಟ್ಟಿಗಿಂತ ಹೆಚ್ಚು, ಸಾವು ಮೂರು ಪಟ್ಟಿಗಿಂತ ಹೆಚ್ಚು ಎಂದು ಸರ್ಕಾರದ ವರದಿಗಳೇ ಹೇಳುತ್ತಿದ್ದವು. ಹಾಗಾದರೆ ಅವರಲ್ಲಿ ಎಷ್ಟು ಮಂದಿ ತಪಾಸಣೆಗೆ ಬರುತ್ತಿದ್ದಾರೆ? ಈ ಸರಳ ಪ್ರಶ್ನೆಗೆ ಉತ್ತರ ಇರಲಿಲ್ಲ. ಕಾರಣ ಕೇಳಿದರೆ ನಗು ಬರಬೇಕು. ಪ್ಯಾಪ್ ಪರೀಕ್ಷೆಯ ದಾಖಲೆಗೆ ಮಾಹಿತಿ ಬರುತ್ತಿದ್ದದ್ದು ಪ್ರಯೋಗಾಲಯದ ಚೀಟಿಯಿಂದ. ಆ ಚೀಟಿಯಲ್ಲಿ ‘ನೀವು ಮೂಲನಿವಾಸಿಯೇ’ ಎಂಬ ಕಾಲಮ್ಮೇ ಇರಲಿಲ್ಲ.

ಆ ದೇಶಕ್ಕೆ ಇದು ಹೊಸದಲ್ಲ. ಅದರ ಸಂವಿಧಾನದ 127ನೆಯ ಕಲಮು, ಜನಸಂಖ್ಯೆ ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಸೇರಿಸಬಾರದು ಎಂದೇ ಹೇಳಿತ್ತು. ಅದನ್ನು ತೆಗೆದದ್ದು 1967ರಲ್ಲಿ, ಜನಮತಗಣನೆಯಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಹೌದೆಂದ ಮೇಲೆ. ಕಾನೂನಿನಿಂದ ಹೋದ ಮರೆವು ಚೀಟಿಯಲ್ಲಿ ಉಳಿದುಕೊಂಡಿತ್ತು. ಒಂದು ಕಡೆ ಹಣೆ, ಕಣ್ಣು, ನೋವು ಎಲ್ಲವನ್ನೂ ಅಳೆಯುವ ಅತಿ ಕುತೂಹಲ. ಇನ್ನೊಂದು ಕಡೆ ಎಣಿಕೆಯಲ್ಲೇ ಸೇರಿಸದ ಉಪೇಕ್ಷೆ. ಎರಡೂ ಒಂದೇ ಜನರಿಗೆ, ಒಂದೇ ಶತಮಾನದಲ್ಲಿ ಆದದ್ದು. ಇವೆರಡೂ ಬೇರೆ ಬೇರೆ ಪಾಪಗಳಂತೆ ಕಂಡರೂ ಬೇರು ಒಂದೇ. ಲೆಕ್ಕದಿಂದ ಆ ಜನರಿಗೆ ಏನು ಸಿಗಬೇಕು ಎಂದು ಯಾರೂ ಅವರನ್ನು ಕೇಳಿರಲಿಲ್ಲ.

ವಾಪ್ ಮತ್ತು ಸಂಗಡಿಗರು ಮಾಡಿದ್ದು ತಾಳ್ಮೆಯ ಕೆಲಸ. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಆಸ್ಪತ್ರೆಗಳ ದಾಖಲೆಯಲ್ಲಿ ಮೂಲನಿವಾಸಿ ಎಂಬ ಕಾಲಮ್ ಇತ್ತು. ಅದನ್ನು ಪ್ಯಾಪ್ ಪರೀಕ್ಷೆಯ ದಾಖಲೆಗೂ ಕ್ಯಾನ್ಸರ್ ನೋಂದಣಿಗೂ ಜೋಡಿಸಿದರು. 2000ದಿಂದ 2011ರವರೆಗಿನ ಲಕ್ಷಾಂತರ ಮಹಿಳೆಯರ ದಾಖಲೆಗಳು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೂಲನಿವಾಸಿ ಮಹಿಳೆಯರ ಭಾಗವಹಿಸುವಿಕೆ ಇತರರಿಗಿಂತ 20ಕ್ಕೂ ಹೆಚ್ಚು ಶೇಕಡಾಂಶ ಕಡಿಮೆ ಇತ್ತು. ವರ್ಷಗಳು ಕಳೆದರೂ ಅಂತರ ಮುಚ್ಚಿಕೊಂಡಿರಲಿಲ್ಲ.

ಇಲ್ಲಿ ಒಂದು ನೈತಿಕ ಇಕ್ಕಟ್ಟು ಹುಟ್ಟುತ್ತದೆ. ಅಂಕಿ ಬಯಲಾದೊಡನೆ ಅದನ್ನು ಹೇಗೆ ಬೇಕಾದರೂ ಓದಬಹುದು. ‘ಅವರು ಬರುವುದಿಲ್ಲ’ ಎಂದು ಓದಿದರೆ ಅದು ಬೈಗುಳ. ‘ಅವರನ್ನು ತಲುಪಲಾಗಿಲ್ಲ’ ಎಂದು ಓದಿದರೆ ಅದು ಬಾಕಿಪಟ್ಟಿ. ಮ್ಯಾಗಿ ವಾಲ್ಟರ್ ಎಂಬ ಮೂಲನಿವಾಸಿ ಸಮಾಜಶಾಸ್ತ್ರಜ್ಞೆ ಈ ಬಗ್ಗೆ ಬಹಳ ಬರೆದಿದ್ದಾರೆ. ತಮ್ಮ ಜನರ ಕುರಿತ ಅಂಕಿಅಂಶಗಳೆಲ್ಲ ಕೊರತೆ, ಅಂತರ, ವಂಚನೆ, ವೈಫಲ್ಯಗಳ ಸುತ್ತಲೇ ಸುತ್ತುತ್ತವೆ, ಆ ಕನ್ನಡಿಯಲ್ಲಿ ಸಮುದಾಯಕ್ಕೆ ತನ್ನ ಮುಖವೇ ಕಾಣುವುದಿಲ್ಲ ಎಂಬುದು ಅವರ ವಾದದ ತಿರುಳು. ‘ತಿಳಿವಳಿಕೆಯ ಕೊರತೆ’ ಎಂಬ ಕಾಲಮ್ಮನ್ನು ಆಸ್ಪತ್ರೆಯಲ್ಲಿ ಹತ್ತಿರದಿಂದ ಕಂಡ ನನಗೆ ಇದು ತಕ್ಷಣ ಅರ್ಥವಾಗುತ್ತದೆ. ತನ್ನವರ ವಿರುದ್ಧ ಬಳಕೆಯಾಗಬಹುದಾದ ಅಂಕಿಯನ್ನು ತಾನೇ ಹೊರತೆಗೆಯಬೇಕೇ? ತೆಗೆಯದಿದ್ದರೆ ಸಾವು ಮರೆಯಲ್ಲಿ ನಡೆಯುತ್ತದೆ. ತೆಗೆದರೆ ಹಣೆಪಟ್ಟಿ ಅಂಟುತ್ತದೆ. ಹೊರಗಿನ ಸಂಶೋಧಕನಿಗೆ ಇದು ವಿಧಾನದ ಸಮಸ್ಯೆ, ಒಳಗಿನವಳಿಗೆ ಅದು ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಮ್ಮನ ಎದುರು ಕೂತು ಉತ್ತರಿಸಬೇಕಾದ ಸಮಸ್ಯೆ.

ವಾಪ್ ಅಂಕಿಯನ್ನು ಹೊರಗಿಟ್ಟು ಸುಮ್ಮನಾಗಲಿಲ್ಲ, ಅದರ ಓದಿಗೂ ಹೊಣೆ ಹೊತ್ತರು. 2022ರ ಜುಲೈಯಿಂದ ಆಸ್ಟ್ರೇಲಿಯಾದಲ್ಲಿ ತಪಾಸಣೆಗೆ ಅರ್ಹಳಾದ ಯಾವ ಹೆಣ್ಣಾದರೂ ವೈದ್ಯರ ಮುಂದೆ ಮಲಗದೆ, ಮರೆಯಲ್ಲಿ ತಾನೇ ಮಾದರಿ ತೆಗೆದುಕೊಡಬಹುದು. ಅದಕ್ಕೆ ಮೊದಲು ಈ ಅವಕಾಶ, ತಪಾಸಣೆ ತಪ್ಪಿಸಿಕೊಂಡಿದ್ದ 30 ದಾಟಿದವರಿಗೆ ಮಾತ್ರ ಇತ್ತು. ಹಲವರ ಒತ್ತಾಯದಿಂದ ಆದ ಈ ಬದಲಾವಣೆಯ ಹಿಂದೆ, ‘ಇವರು ಯಾಕೆ ಬರುವುದಿಲ್ಲ’ ಎಂಬ ಪ್ರಶ್ನೆಯನ್ನು ‘ಬರಬೇಕಾದರೆ ನಾವು ಇವರಿಂದ ಏನೇನು ಕೇಳುತ್ತಿದ್ದೇವೆ’ ಎಂದು ತಿರುಗಿಸಿದ ಯೋಚನೆ ಇದೆ. 2035ರ ಹೊತ್ತಿಗೆ ಗರ್ಭಕಂಠದ ಕ್ಯಾನ್ಸರನ್ನು ನಿರ್ಮೂಲ ಮಾಡುತ್ತೇವೆ ಎಂದು ಆಸ್ಟ್ರೇಲಿಯಾ ಹೊರಟಿದೆ. ಲಕ್ಷಕ್ಕೆ 4ಕ್ಕಿಂತ ಕಡಿಮೆ ಇಳಿದರೆ ನಿರ್ಮೂಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಮೂಲನಿವಾಸಿಗಳು ದೇಶದ ಜನಸಂಖ್ಯೆಯಲ್ಲಿ ಸಣ್ಣ ಪಾಲು. ಅವರಲ್ಲಿ ರೋಗ ಹಾಗೇ ಉಳಿದರೂ ದೇಶದ ಸರಾಸರಿ 4ಕ್ಕಿಂತ ಕೆಳಗಿಳಿದು ವಿಜಯೋತ್ಸವ ನಡೆಯಬಹುದು. ವಾಪ್ ಮತ್ತು ಸಹೋದ್ಯೋಗಿಗಳು ಮತ್ತೆ ಮತ್ತೆ ಎತ್ತಿ ತೋರಿಸಿದ್ದು ಇದನ್ನೇ. ಸರಾಸರಿ ಸುಳ್ಳು ಹೇಳುವುದಿಲ್ಲ ನಿಜ, ಆದರೆ ಯಾರನ್ನು ಬಿಟ್ಟು ಹೋಗುತ್ತಿದ್ದೇವೆ ಎಂಬುದನ್ನು ಅದು ತಾನಾಗಿ ಹೇಳುವುದಿಲ್ಲ.

*

ಎಣಿಕೆಯ ಕಥೆ ಹೀಗಾದರೆ ಕೇಳುವಿಕೆಯ ಕಥೆ ಗೇಲ್ ಗಾರ್ವಿ ಅವರದು. ಅವರು ನ್ಯೂ ಸೌತ್ ವೇಲ್ಸಿನ ಕಮಿಲರಾಯ್ ಸಮುದಾಯದವರು. ಮೆನ್ಜೀಸ್ ಸಂಸ್ಥೆಯಲ್ಲಿ ಮೂಲನಿವಾಸಿಗಳ ಕ್ಯಾನ್ಸರ್ ಸಂಶೋಧನೆಯನ್ನು ಕಟ್ಟಿ ಬೆಳೆಸಿದವರು, ಈಗ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ.

ಕ್ಯಾನ್ಸರ್ ರೋಗಿಗೆ ಚಿಕಿತ್ಸೆಯ ಹೊರತಾಗಿ ಏನೇನು ನೆರವು ಬೇಕು ಎಂದು ತಿಳಿಯಲು ಆಸ್ಟ್ರೇಲಿಯಾದಲ್ಲಿ 34 ಪ್ರಶ್ನೆಗಳ ಒಂದು ಪಟ್ಟಿ ಬಳಕೆಯಲ್ಲಿತ್ತು. ಒಳ್ಳೆಯ ಪಟ್ಟಿಯೇ. ಹಲವು ದೇಶಗಳಲ್ಲಿ ಅನುವಾದಗೊಂಡು ಬಳಕೆಯಾಗಿದೆ. ಗಾರ್ವಿ ಮತ್ತು ಸಂಗಡಿಗರು ಅದನ್ನು ಮೂಲನಿವಾಸಿ ರೋಗಿಗಳ, ಆರೋಗ್ಯ ಕಾರ್ಯಕರ್ತರ ಮುಂದಿಟ್ಟು, ಇದು ನಿಮಗೆ ಹೊಂದುತ್ತದೆಯೇ ಎಂದು ಕೇಳಿದರು. ಹೊಂದಲಿಲ್ಲ. ಭಾಷೆ ಕಠಿಣವಾಗಿತ್ತು. ಕೆಲವು ಪ್ರಶ್ನೆಗಳು ಆ ಜನ ಅಪರಿಚಿತರ ಎದುರು ಆಡುವ ಮಾತುಗಳೇ ಆಗಿರಲಿಲ್ಲ. ಉತ್ತರಿಸುವ ಕ್ರಮ ಗೊಂದಲ ಹುಟ್ಟಿಸುತ್ತಿತ್ತು. ಅವರಿಗೆ ನಿಜಕ್ಕೂ ಕಾಡುವ ಸಂಗತಿಗಳು ಪಟ್ಟಿಯಲ್ಲಿರಲಿಲ್ಲ. ಪ್ರಶ್ನೆಗಳನ್ನು ಬಿಡಿಸಿ, ತೆಗೆದು, ಸೇರಿಸಿ, ಪರೀಕ್ಷಿಸಿ ಕೊನೆಗೆ 26 ಪ್ರಶ್ನೆಗಳ ಬೇರೆಯೇ ಪಟ್ಟಿ ತಯಾರಾಯಿತು. ದೇಹ-ಮನಸ್ಸು, ಆಸ್ಪತ್ರೆಯ ಆರೈಕೆ, ಮಾಹಿತಿ-ಮಾತುಕತೆ ಇವುಗಳ ಜೊತೆಗೆ ನಾಲ್ಕನೆಯ ಭಾಗವೊಂದು ಅದರಲ್ಲಿದೆ: ದಿನದ ಬದುಕಿನ ಮತ್ತು ಸಂಸ್ಕೃತಿಯ ಅಗತ್ಯಗಳು. ಖರ್ಚಿನ ಚಿಂತೆ, ಆಸ್ಪತ್ರೆಯಲ್ಲಿ ಮಾತಾಡಲು ತಮ್ಮವರೊಬ್ಬರು ಇರುವುದು ಇಂಥವು. ನಮ್ಮ ಚಿಕ್ಕಮ್ಮನ ಹಸು ಹೊಗಬಹುದಾದ ಭಾಗ ಅದು.

ಮುಂದೆ ಅವರು ಇನ್ನೂ ದೊಡ್ಡ ಪ್ರಶ್ನೆಗೆ ಹೋದರು. ಚೆನ್ನಾಗಿರುವುದು ಎಂದರೇನು? ಆರೋಗ್ಯ ವ್ಯವಸ್ಥೆಗಳು ಯಾವ ಚಿಕಿತ್ಸೆಗೆ ಹಣ ಹಾಕಬೇಕೆಂದು ತೀರ್ಮಾನಿಸಲು ಬದುಕಿನ ಗುಣಮಟ್ಟವನ್ನು ಅಳೆಯುತ್ತವೆ. ತುಂಬ ಬಳಕೆಯಲ್ಲಿರುವ ಒಂದು ಮಾಪನ ಐದು ಸಂಗತಿ ಕೇಳುತ್ತದೆ: ನಡೆದಾಟ, ಸ್ವಂತ ಆರೈಕೆ, ದಿನದ ಕೆಲಸ, ನೋವು, ಆತಂಕ. ಒಬ್ಬಂಟಿ ಮನುಷ್ಯನನ್ನು ಅಳೆಯಲು ಸಾಕು. ಗಾರ್ವಿ ತಂಡ ದೇಶದ ಹಲವೆಡೆ ನೂರಾರು ಮೂಲನಿವಾಸಿಗಳ ಜೊತೆ ಕೂತು ಮಾತಾಡಿತು. ‘ಯಾರ್ನಿಂಗ್’ ಎನ್ನುತ್ತಾರೆ ಅದಕ್ಕೆ, ನಮ್ಮ ಜಗಲಿಕಟ್ಟೆಯ ಮಾತಿನಂಥದ್ದು. ಸುತ್ತಿ ಬಳಸಿ, ಅವಸರವಿಲ್ಲದೆ. ಅದರಿಂದ ಹೊಮ್ಮಿದ್ದನ್ನು ಅವರು 2021ರಲ್ಲಿ ನೇಯ್ದ ಬಟ್ಟೆಗೆ ಹೋಲಿಸಿ ಬರೆದರು. ಸೇರಿದವರೆಂಬ ಭಾವ, ಘನತೆ, ಬದುಕಿನ ಮೇಲೆ ಹಿಡಿತ, ಮೂಲಭೂತ ಅಗತ್ಯ, ದೇಹ-ಮನಸ್ಸುಗಳ ಒಟ್ಟು ಆರೋಗ್ಯ. ಒಂದೊಂದೂ ಎಳೆ, ಒಂದನ್ನು ಎಳೆದರೆ ಇನ್ನೊಂದು ಸಡಿಲ.

2016ರಲ್ಲಿ ಬ್ರಿಸ್ಬೇನಿನಲ್ಲಿ ಮೂಲನಿವಾಸಿಗಳ ಮತ್ತು ಕ್ಯಾನ್ಸರಿನ ಕುರಿತ ಮೊದಲ ವಿಶ್ವ ಸಮ್ಮೇಳನ ನಡೆದದ್ದರ ಹಿಂದೆಯೂ ಗಾರ್ವಿ ಇದ್ದರು. 2024ರಲ್ಲಿ ಲೋಕದ ಮೂಲನಿವಾಸಿ ಮತ್ತು ಬುಡಕಟ್ಟು ಜನರ ಕ್ಯಾನ್ಸರ್ ಅನುಭವದ ಬಗ್ಗೆ ಅವರ ಸಂಪಾದಕತ್ವದಲ್ಲಿ ಪುಸ್ತಕ ಬಂತು, ಯಾರು ಬೇಕಾದರೂ ಉಚಿತವಾಗಿ ಓದುವಂತೆ. ಉತ್ತರ ಕೊಟ್ಟವರು ಓದಲು ದುಡ್ಡು ಕೊಡಬೇಕಾದ ವಿದ್ಯೆ ವಿಚಿತ್ರವಾದದ್ದು ಎಂಬುದನ್ನು ಇಂಥ ಸಣ್ಣ ತೀರ್ಮಾನವೂ ಒಪ್ಪಿಕೊಳ್ಳುತ್ತದೆ.

*

ಇಷ್ಟು ಹೊತ್ತಿಗೆ ವಿದ್ಯಾರ್ಥಿ ಗೆಳೆಯರಲ್ಲಿ ಒಬ್ಬರಾದರೂ ಕೇಳಬೇಕಾದ ಪ್ರಶ್ನೆ ಇದೆ. ತನ್ನ ಜನರ ಬಗ್ಗೆ ತಾನೇ ಸಂಶೋಧನೆ ಮಾಡಿದರೆ ಪಕ್ಷಪಾತ ಬರುವುದಿಲ್ಲವೇ? ವಿಜ್ಞಾನ ಯಾರು ಮಾಡಿದರೂ ಒಂದೇ ಆಗಿರಬೇಕಲ್ಲವೇ?

ಪ್ರಶ್ನೆ ಸರಿಯಾದದ್ದು. ವಾಪ್ ತೆಗೆದ ಶೇಕಡಾಂಶವನ್ನು ಇನ್ನೊಬ್ಬರು ಅದೇ ದಾಖಲೆಯಿಂದ ತೆಗೆದರೂ ಅದೇ ಬರಬೇಕು, ಬರದಿದ್ದರೆ ಅದು ವಿಜ್ಞಾನವಲ್ಲ. ಆದರೆ ಆ ದಾಖಲೆಗಳನ್ನು ಜೋಡಿಸಬೇಕು ಎಂದು ಯಾರಿಗೆ ಅನ್ನಿಸಿತು? ಎರಡು ದಶಕ ಆ ಕಾಲಮ್ ಇಲ್ಲದಿರುವುದು ಯಾರ ನಿದ್ದೆಯನ್ನೂ ಕೆಡಿಸಿರಲಿಲ್ಲ. ಉತ್ತರ ಯಾರು ಹುಡುಕಿದರೂ ಒಂದೇ ಇರಬಹುದು, ಪ್ರಶ್ನೆ ಮಾತ್ರ ಎಲ್ಲರಿಗೂ ಹೊಳೆಯುವುದಿಲ್ಲ. ಮೆಕ್‌ಡೂಗಲ್ ಹೊರಗಿನವರಾಗಿದ್ದರು, ಅದರಿಂದ ಅವರ ಅಳತೆ ನಿಷ್ಪಕ್ಷಪಾತವಾಗಲಿಲ್ಲ. ಹೊರಗು ಎಂಬುದೂ ಒಂದು ಜಾಗವೇ, ಅಲ್ಲಿಂದ ಕೆಲವು ಕಾಣುತ್ತವೆ, ಕೆಲವು ಕಾಣುವುದಿಲ್ಲ.

ಹಾಗೆಂದು ಒಳಗಿನವರಾದ ಮಾತ್ರಕ್ಕೆ ಎಲ್ಲ ಕಾಣುತ್ತದೆ ಎನ್ನಲೂ ನನಗೆ ಧೈರ್ಯವಿಲ್ಲ. ನಾನು ಚಿಕ್ಕಮ್ಮನ ಸ್ವಂತ ಅಕ್ಕನ ಮಗ, ಅವರ ಕೈತುತ್ತು ತಿಂದವನು. ಹಸುವಿನ ವಿಷಯ ನನಗೆ ಹೊಳೆಯಲಿಲ್ಲ. ಓದು, ಪೇಟೆ, ಕೆಲಸ ಮನುಷ್ಯನನ್ನು ತನ್ನವರಿಂದಲೇ ಸದ್ದಿಲ್ಲದೆ ಹೊರಗಿಡುತ್ತವೆ. ಸಮುದಾಯದ ಹೆಸರು ಹೇಳಿಕೊಂಡು ಮೇಲೇರಿ, ಸಮುದಾಯದ ಕಡೆ ತಿರುಗಿ ನೋಡದವರೂ ಎಲ್ಲ ಕಡೆ ಇದ್ದಾರೆ. ಒಳಗಿನವರಾಗಿರುವುದು ಹುಟ್ಟಿನಿಂದ ಸಿಕ್ಕರೂ ಉಳಿಸಿಕೊಳ್ಳಬೇಕಾದದ್ದು ಕೆಲಸದಿಂದ. ಗಾರ್ವಿ ತಾನೂ ಮೂಲನಿವಾಸಿ, ತನಗೆ ಗೊತ್ತು ಎಂದು ಕುರ್ಚಿಯಲ್ಲಿ ಕೂತು ಪ್ರಶ್ನೆ ಬರೆಯಲಿಲ್ಲ. ಹೋಗಿ ಕೇಳಿದರು. ನನಗೆ ಅವರ ವೃತ್ತಿಯಲ್ಲಿ ಅತ್ಯಂತ ದೊಡ್ಡದಾಗಿ ಕಾಣುವುದು ಈ ವಿನಯ.

ಇನ್ನೊಂದು ಆಕ್ಷೇಪವೂ ಬರಬಹುದು. ಆ ಆಯಾ ಯಾವ ಪ್ರಶ್ನಾವಳಿಯೂ ಇಲ್ಲದೆ ಒಂದೇ ಮಾತಿನಲ್ಲಿ ಮನಸ್ಸು ಮುಟ್ಟಿದರು. ಹಾಗಿದ್ದ ಮೇಲೆ 26 ಪ್ರಶ್ನೆಗಳು ಯಾಕೆ? ಪ್ರೀತಿ ಇದ್ದರೆ ಸಾಲದೇ?

ಇದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಸಾಲದು. ಆಯಾ ಅವತ್ತು ರಜೆ ಹಾಕಿದ್ದರೆ? ಬೇರೆ ವಾರ್ಡಿನಲ್ಲಿ ಇದ್ದಿದ್ದರೆ? ನಾವು ಇನ್ನೊಂದು ಜಿಲ್ಲೆಯವರಾಗಿದ್ದರೆ? ಚಿಕ್ಕಮ್ಮ ಬದುಕಿದ್ದು ಒಂದು ಒಳ್ಳೆಯ ಆಕಸ್ಮಿಕದಿಂದ. ಮರುದಿನ ಅದೇ ಬೆಂಚಿನ ಮೇಲೆ ಕೂತ ಇನ್ನೊಬ್ಬ ಹೆಂಗಸಿಗೆ ಆ ಆಕಸ್ಮಿಕ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಆಯಾಗೆ ಗೊತ್ತಿದ್ದದ್ದು ಯಾವ ಕಡತಕ್ಕೂ ಹೋಗಲಿಲ್ಲ, ಅವರ ಪಾಳಿ ಮುಗಿದಾಗ ಅವರ ಜೊತೆಯಲ್ಲೇ ಮನೆಗೆ ಹೋಯಿತು. ಕರುಣೆ ಅದೃಷ್ಟದ ಮೇಲೆ ನಿಂತಿರುವವರೆಗೆ ಅದು ನ್ಯಾಯವಾಗುವುದಿಲ್ಲ. ಗಾರ್ವಿ ಅಂಥವರ ವೃತ್ತಿಗೆ ಅರ್ಥ ಸಿಗುವುದು ಇಲ್ಲಿ. ಒಬ್ಬ ಆಯಾಳ ಬಾಯಲ್ಲಿ ಹೊಳೆದ ಪ್ರಶ್ನೆಯನ್ನು ಅವರು ಹಾಳೆಗೆ ತರುತ್ತಾರೆ. ಯಾರ ಪಾಳಿ ಇದ್ದರೂ, ರೋಗಿ ಯಾವ ಊರಿನವರಾದರೂ, ಆ ಪ್ರಶ್ನೆ ಕೇಳಲೇಬೇಕು ಎಂದು ಕಟ್ಟುಮಾಡುತ್ತಾರೆ. ಹಾಳೆಯಲ್ಲಿರುವ ಪ್ರಶ್ನೆಯನ್ನೂ ಯಾಂತ್ರಿಕವಾಗಿ ಕೇಳಿ ‘ನಾಲ್ಕು’ ಎಂದು ಬರೆದುಕೊಳ್ಳಬಹುದು, ಒಪ್ಪುತ್ತೇನೆ. ಪ್ರಶ್ನೆ ಹಾಳೆಯಲ್ಲಿದ್ದರೆ ಪ್ರೀತಿ ಬಂದೇಬಿಡುತ್ತದೆ ಎಂದಲ್ಲ. ಪ್ರೀತಿ ಬರದ ದಿನವೂ ಪ್ರಶ್ನೆಯಾದರೂ ಇರುತ್ತದೆ.

*

ಇದು ದೂರದೇಶದ ಮಾತು ಎಂದು ಪಕ್ಕಕ್ಕಿಡುವಂತಿಲ್ಲ. ರಿವರ್ಸ್ ನೀಲಗಿರಿಗೆ ಬಂದು ನೂರಿಪ್ಪತ್ತು ವರ್ಷ ದಾಟಿದೆ. ಬುಡಕಟ್ಟು ಜನರ ರಕ್ತ, ಎತ್ತರ, ತೂಕ ಬರೆದುಕೊಳ್ಳುವವರು ಕಾಡಂಚಿನ ಹಾಡಿಗಳಿಗೆ ಇಂದಿಗೂ ಹೋಗುತ್ತಾರೆ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಕುಡುಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನ, ಬುಡಕಟ್ಟು ಪ್ರದೇಶಗಳ 7 ಕೋಟಿ ಜನರ ರಕ್ತಪರೀಕ್ಷೆಯ ಗುರಿ ಇಟ್ಟುಕೊಂಡಿತು. ಆಗಬೇಕಾದ ಕೆಲಸವೇ. ಪರೀಕ್ಷೆಯೇ ಇಲ್ಲದೆ ಸತ್ತ ಮಕ್ಕಳ ತಾಯಂದಿರಿಗೆ ಎಣಿಕೆಯಲ್ಲಿ ಸೇರದಿರುವುದೆಂದರೇನು ಎಂದು ಗೊತ್ತು. ಆದರೆ ಬೆರಳು ಚುಚ್ಚಿಸಿಕೊಂಡ ಹುಡುಗಿಗೆ ಅವಳ ಫಲಿತಾಂಶ ಅವಳ ಮಾತಿನಲ್ಲಿ ವಾಪಸ್ ತಲುಪುತ್ತದೆಯೇ? ಆ ಚೀಟಿ ಅವಳ ಮದುವೆಗೆ ಅಡ್ಡಿಯಾದರೆ ಉತ್ತರ ಕೊಡುವವರು ಯಾರು? ಪ್ರಶ್ನಾವಳಿ ಬರೆಯುವ ಮೇಜಿನ ಸುತ್ತ ಒಬ್ಬ ಸೋಲಿಗಳೋ ಜೇನುಕುರುಬಳೋ ಕೂತಿದ್ದಾಳೆಯೇ, ಅಥವಾ ಬಾಗಿಲ ಹೊರಗೆ ದಾರಿ ತೋರಿಸಲು ಮಾತ್ರ ನಿಂತಿದ್ದಾಳೆಯೇ? ಮುಂದೆ ಸಮೀಕ್ಷೆ, ಪ್ರಾಜೆಕ್ಟು, ಪಿಎಚ್.ಡಿ. ಎಂದು ಹಾಳೆ ಹಿಡಿದು ಹೊರಡಲಿರುವ ನಮ್ಮ ವಿದ್ಯಾರ್ಥಿಗಳು ಹೊರಡುವ ಮುನ್ನ ಈ ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಂಡರೆ ಒಳ್ಳೆಯದು.

ಚಿಕ್ಕಮ್ಮ ಈಗಲೂ ಊರಲ್ಲಿದ್ದಾರೆ. ಆ ಶುಕ್ರವಾರ ರಾತ್ರಿ ಹುಟ್ಟಿದ ಕರು ಈಗ ಎರಡು ಸಲ ಈದಿದೆ. ಹೋದ ಯುಗಾದಿಗೆ ಹೋದಾಗ, “ಮೈ ಹೆಂಗಿದೆ ಚಿಕ್ಕಮ್ಮ?” ಎಂದೆ. “ಹೋದ ವರ್ಷಕ್ಕಿಂತ ವಾಸಿ ಕಣಪ್ಪ” ಎಂದರು. ನಾನು ಅಂಕಿ ಕೇಳಲಿಲ್ಲ. ಎದ್ದು ಹೋಗಿ ಕೊಟ್ಟಿಗೆ ನೋಡಿ ಬಂದೆ.